ಹಲಗೆ ಸಿಕ್ಕಿದೆ, ಹದ ಸಿಕ್ಕಿಲ್ಲ: ಹಳೇ ಚೀನೀ ಹಾಯಿಹಡಗನ್ನು ಮತ್ತೆ ಕಟ್ಟುವ ಕೆಲಸ

ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಚುವಾನ್‌ಜೌ ಅಂತ ಒಂದು ಬಂದರು ಊರಿದೆ. ಅಲ್ಲಿನ ಕೈಯುವಾನ್ ಬೌದ್ಧ ದೇವಸ್ಥಾನಕ್ಕೆ ಹೋದರೆ ನಮ್ಮ ಕಡೆಯವರು ಒಂದು ಕ್ಷಣ ನಿಂತುಬಿಡುತ್ತಾರೆ. ಹಿಂಭಾಗದ ಎರಡು ಕಲ್ಲುಕಂಬಗಳ ಮೇಲೆ ಕೃಷ್ಣ ಇದ್ದಾನೆ, ನರಸಿಂಹ ಇದ್ದಾನೆ. 13ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ತಮಿಳು ವ್ಯಾಪಾರಿಗಳು ಕಟ್ಟಿಸಿಕೊಂಡಿದ್ದ ಶಿವ ದೇವಸ್ಥಾನ ಹಾಳಾದ ಮೇಲೆ ಅದರ ಕಲ್ಲುಗಳು ಇಲ್ಲಿಗೆ ಬಂದು ಸೇರಿಕೊಂಡವು. ಅದೇ ಆವರಣದಲ್ಲಿ ಒಂದು ಹಡಗೂ ಇದೆ. ಹಡಗು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಹಡಗಿನ ಕೆಳಗಿನ ಅರ್ಧ ಇದೆ.

1973ರಲ್ಲಿ ಹೌಝು ಬಂದರಿನ ಕೆಸರಿನಲ್ಲಿ ಇದು ಕಣ್ಣಿಗೆ ಬಿತ್ತು, 1974ರಲ್ಲಿ ಅಗೆದು ತೆಗೆದರು. ಉಳಿದಿರುವ ಭಾಗವೇ 24.2 ಮೀಟರ್ ಉದ್ದ, 9.15 ಮೀಟರ್ ಅಗಲ. ಒಳಗೆ ಕಾಳುಮೆಣಸು, ಅಡಿಕೆ, ಕವಡೆ, ಸಾಂಬ್ರಾಣಿ, ಮತ್ತೆ ಸಾವಿರಾರು ಕಿಲೋ ಸುವಾಸನೆಯ ಕಟ್ಟಿಗೆ. ಹಳೇ ಪೇಟೆಯ ಗ್ರಂದಿಗೆ ಅಂಗಡಿಯೇ ಮುಳುಗಿದಂತಿದೆ. ಐನೂರಕ್ಕೂ ಹೆಚ್ಚು ನಾಣ್ಯ ಸಿಕ್ಕವು, ಅದರಲ್ಲಿ ತೀರಾ ಇತ್ತೀಚಿನದು 1271ರದ್ದು. ಹಾಗಾಗಿ ಸೋಂಗ್ ರಾಜವಂಶದ ಕೊನೆಗಾಲದ ಹಡಗು ಅಂತ ಲೆಕ್ಕ ಸಿಕ್ಕಿತು.

ಹಡಗಿನ ಬೆನ್ನೆಲುಬಿನಂತೆ ಉದ್ದಕ್ಕೂ ಹೋಗುವ ಅಡಿಮರ ಇದೆಯಲ್ಲ, ಅದು 17.65 ಮೀಟರ್ ಪೈನ್ ಮರ, ಜೋಡಿಸಿ ಮಾಡಿದ್ದು. ಜೋಡಿಸಿದ ಕಡೆ ಬಡಗಿಗಳು ಸಣ್ಣ ಗುಳಿ ಕೊರೆದು ಏಳು ನಾಣ್ಯಗಳನ್ನೂ ಒಂದು ಕಂಚಿನ ಕನ್ನಡಿಯನ್ನೂ ಇಟ್ಟು ಮುಚ್ಚಿದ್ದರು. ಏಳು ನಾಣ್ಯ ಅಂದರೆ ಆಕಾಶದ ಏಳು ನಕ್ಷತ್ರ, ನಮ್ಮ ಸಪ್ತರ್ಷಿ ಮಂಡಲ. ಕನ್ನಡಿ ಅಂದರೆ ಹುಣ್ಣಿಮೆ ಚಂದ್ರ. ಹೊಸಿಲು ಕೂರಿಸುವಾಗ ನವರತ್ನ, ಪಂಚಲೋಹ ಹಾಕುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಸಿಕ್ಕಿದ್ದು ಇಷ್ಟು. ಸಿಗದೇ ಇದ್ದದ್ದು ಮೇಲ್ಕಟ್ಟು, ಕೂವೆಮರಗಳು (ಹಾಯಿ ಕಟ್ಟುವ ಕಂಬಗಳು), ಹಾಯಿ, ಹಗ್ಗ, ಚುಕ್ಕಾಣಿಯ ಹಲಗೆ. ಅಂದರೆ ಹಡಗನ್ನು ಓಡಿಸುವ ಅಷ್ಟೂ ಸಾಮಾನು ಇಲ್ಲ. ಸಾಮಾನು ಹೊರುವ ಹೊಟ್ಟೆ ಮಾತ್ರ ಇದೆ. ಈ ಹೊಟ್ಟೆಯಿಂದ ಇಡೀ ಹಡಗನ್ನು ಮತ್ತೆ ಹೇಗೆ ಊಹಿಸುವುದು? ಊಹಿಸಿದ್ದು ಸರಿಯೋ ತಪ್ಪೋ ಅಂತ ಹೇಗೆ ಗೊತ್ತಾಗುವುದು? ಕಟ್ಟಿ, ನೀರಿಗಿಳಿಸಿ ನೋಡಬೇಕು. ಇದಕ್ಕೆ ಪ್ರಾಯೋಗಿಕ ಪುರಾತತ್ವ ಅಂತ ಹೆಸರು. ನಾನು ಇದನ್ನು ‘ಮಾಡಿ ನೋಡುವ ಪುರಾತತ್ವ’ ಅಂತಲೇ ಕರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಹಳೇ ಹಡಗಿನ ಹಾಗೆ ಕಾಣುವ ಹಡಗು ಬೇರೆ, ಹಳೇ ಹಡಗಿನ ಬಗ್ಗೆ ಪ್ರಶ್ನೆ ಕೇಳುವ ಹಡಗು ಬೇರೆ. ಹಾಂಗ್‌ಕಾಂಗ್ ಬಂದರಿನಲ್ಲಿ ಕೆಂಪು ಹಾಯಿ ಏರಿಸಿಕೊಂಡು ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಗಳು ಫೋಟೋಗೆ ಚೆನ್ನ, ಆದರೆ ಒಳಗೆ ಡೀಸೆಲ್ ಎಂಜಿನ್ ಗುರುಗುಟ್ಟುತ್ತಿರುತ್ತದೆ. ಅದರಿಂದ ಹಾಯಿಯ ಬಗ್ಗೆ ಏನೂ ಕಲಿಯಲಾಗುವುದಿಲ್ಲ. ಪ್ರಯೋಗ ಅನ್ನಿಸಿಕೊಳ್ಳಬೇಕಾದರೆ ಯಾವ ಮರ, ಯಾವ ಉಳಿ, ಯಾವ ಜೋಡಣೆ, ಎಷ್ಟು ದಿನದ ಕೆಲಸ ಎಲ್ಲ ಬರೆದಿಡಬೇಕು. ನೀರಿಗಿಳಿದ ಮೇಲೆ ಗಾಳಿ ಯಾವ ಕಡೆಯಿಂದ ಬಂದಾಗ ಎಷ್ಟು ವೇಗ, ಪಕ್ಕಕ್ಕೆ ಎಷ್ಟು ಜಾರಿತು, ಒಂದು ಸಲ ಓಲಾಡಿ ನೆಟ್ಟಗಾಗಲು ಎಷ್ಟು ಸೆಕೆಂಡು, ದಿನಕ್ಕೆ ಎಷ್ಟು ಬಕೆಟ್ ನೀರು ಒಳಗೆ ಬಂತು, ಇವನ್ನೂ ಬರೆಯಬೇಕು. ಡೆನ್ಮಾರ್ಕಿನ ರೋಸ್ಕಿಲ್ಡೆ ಊರಿನ ಹಡಗು ಮ್ಯೂಸಿಯಮ್ಮಿನವರು ಸಾವಿರ ವರ್ಷ ಹಿಂದಿನ ವೈಕಿಂಗ್ ಹಡಗುಗಳ ವಿಷಯದಲ್ಲಿ ಇದನ್ನು ಹಟ ಹಿಡಿದು ಮಾಡಿದ್ದಾರೆ. ಹಳೇ ಹಲಗೆಯ ಮೇಲಿನ ಕೊಡಲಿ ಗುರುತು ನೋಡಿ ಅದೇ ಬಗೆಯ ಕೊಡಲಿ ಮಾಡಿಸಿಕೊಂಡರು, ಕೊನೆಗೆ 2007ರಲ್ಲಿ ತಾವು ಕಟ್ಟಿದ ಹಡಗಿನಲ್ಲೇ ಐರ್ಲೆಂಡಿನ ಡಬ್ಲಿನ್‌ವರೆಗೆ ಹೋದರು.

ಚೀನೀ ಹಡಗಿನ ವಿಷಯ ಸ್ವಲ್ಪ ಬೇರೆ. ವೈಕಿಂಗ್ ಬಡಗಿಗಳನ್ನು ಕೇಳಲು ಯಾರೂ ಉಳಿದಿಲ್ಲ. ಫುಜಿಯಾನಿನಲ್ಲಿ ಇನ್ನೂ ಇದ್ದಾರೆ. ಇದು ವರವೂ ಹೌದು, ಬಲೆಯೂ ಹೌದು. ಈ ಬಡಗಿಗಳ ಹತ್ತಿರ ನಕ್ಷೆ ಇಲ್ಲ, ಅಳತೆಯೆಲ್ಲ ಬಾಯಲ್ಲಿ, ಅಪ್ಪನಿಂದ ಮಗನಿಗೆ. ಅವರನ್ನು ಕೂರಿಸಿಕೊಂಡು ಕೇಳಿದರೆ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಅವರು ಹೇಳುವುದು ತಮ್ಮ ಅಜ್ಜನ ಕಾಲದ ಹಡಗಿನ ಬಗ್ಗೆ, ಏಳುನೂರು ವರ್ಷದ ಹಿಂದಿನದರ ಬಗ್ಗೆ ಅಲ್ಲ. ಚುವಾನ್‌ಜೌ ಹಡಗಿನ ಹಲಗೆಗಳನ್ನೇ ನೋಡಿ. ಕೆಲವು ಕಡೆ ಅಂಚಿಗೆ ಅಂಚು ಸೇರಿಸಿ ನುಣುಪಾಗಿ ಕೂರಿಸಿದ್ದಾರೆ. ನಡುನಡುವೆ ಕೆಲವು ಕಡೆ ಮೇಲಿನ ಹಲಗೆ ಕೆಳಗಿನದರ ಮೇಲೆ ಹತ್ತಿ ಕೂತಿದೆ, ಮಾಡಿಗೆ ಹೆಂಚು ಹೊದಿಸಿದ ಹಾಗೆ. ಒಂದೇ ಹಡಗಿನಲ್ಲಿ ಎರಡೂ ಪದ್ಧತಿ! ಸಾಲದ್ದಕ್ಕೆ ಹಲಗೆ ಒಂದು ಪದರವೂ ಅಲ್ಲ, ಕೆಳಗೆ ಎರಡು, ಮೇಲೆ ಹೋಗುತ್ತಾ ಮೂರು. ಈಗಿನ ಬಡಗಿಗೆ ಇದನ್ನು ತೋರಿಸಿದರೆ ಅವನೂ ನಮ್ಮ ಹಾಗೆಯೇ ತಲೆ ಕೆರೆದುಕೊಳ್ಳಬೇಕು.

ಬರಹದ ಆಧಾರಗಳೂ ಇವೆ. ನಾನ್‌ಜಿಂಗ್‌ನ ಲಾಂಗ್‌ಜಿಯಾಂಗ್ ಹಡಗುಕಟ್ಟೆಯ 1553ರ ದಾಖಲೆಯಲ್ಲಿ ಯಾವ ಹಡಗಿಗೆ ಎಷ್ಟು ಮರ, ಎಷ್ಟು ಮೊಳೆ, ಎಷ್ಟು ಎಣ್ಣೆ ಅನ್ನುವ ಪಟ್ಟಿ ಇದೆ. ಚಿತ್ರಗಳೂ ಇವೆ, ಆದರೆ ಅಳತೆಗೆ ಬಿಡಿಸಿದ್ದಲ್ಲ. ಕಂಟ್ರಾಕ್ಟರ್ ಬಿಲ್ ಹಿಡಿದುಕೊಂಡು ಮನೆ ಹೇಗಿತ್ತು ಅಂತ ಊಹಿಸಿದ ಹಾಗೆ. ಸಿಮೆಂಟು ಎಷ್ಟು ಚೀಲ ಅಂತ ಗೊತ್ತಾಗುತ್ತದೆ, ಅಡುಗೆಮನೆ ಯಾವ ದಿಕ್ಕಿಗೆ ಅಂತ ಗೊತ್ತಾಗುವುದಿಲ್ಲ.

ಇನ್ನು ಹಡಗಿನ ಒಳಗೆ ಇಳಿಯೋಣ.

ಯುರೋಪಿನ ಮರದ ಹಡಗಿಗೆ ಪಕ್ಕೆಲುಬುಗಳಿರುತ್ತವೆ. ನಮ್ಮ ಎದೆಗೂಡಿನ ಹಾಗೆ ಬಾಗಿದ ಮರಗಳು, ಅದರ ಹೊರಗೆ ಹಲಗೆ. ಚೀನೀ ಹಡಗಿನಲ್ಲಿ ಆ ಕೆಲಸವನ್ನು ಅಡ್ಡಗೋಡೆಗಳು ಮಾಡುತ್ತವೆ. ಬಿದಿರನ್ನು ಉದ್ದಕ್ಕೆ ಸೀಳಿ ನೋಡಿ, ಗೆಣ್ಣು ಗೆಣ್ಣಿಗೂ ಒಂದೊಂದು ತಡೆ ಇರುತ್ತದಲ್ಲ, ಹಾಗೆ. ಚುವಾನ್‌ಜೌ ಹಡಗಿನಲ್ಲಿ 12 ಅಡ್ಡಗೋಡೆ, ಅದರಿಂದ 13 ಕೋಣೆ. 1290ರ ದಶಕದ ಆರಂಭದಲ್ಲಿ ಇದೇ ಬಂದರಿನಿಂದ ಹಡಗು ಹತ್ತಿದ ಮಾರ್ಕೋ ಪೋಲೋ ‘ಕೆಲವು ಹಡಗಿಗೆ ಹದಿಮೂರು ಕೋಣೆಗಳಿರುತ್ತವೆ’ ಅಂತ ಹೇಳಿದ್ದ. ಅವನ ಕಾಲಕ್ಕೆ ಸೇರಿದ ಹಡಗಿನಲ್ಲಿ ಎಣಿಸಿದರೆ ಸರಿಯಾಗಿ ಹದಿಮೂರು! ಬಂಡೆಗೆ ತಾಗಿಯೋ ತಿಮಿಂಗಿಲ ಗುದ್ದಿಯೋ ತೂತಾದರೆ ಒಂದು ಕೋಣೆಗೆ ಮಾತ್ರ ನೀರು ತುಂಬುತ್ತದೆ, ಅಲ್ಲಿನ ಸಾಮಾನನ್ನು ಬೇರೆ ಕೋಣೆಗೆ ಸಾಗಿಸಿ ರಿಪೇರಿ ಮಾಡುತ್ತಾರೆ ಅಂತಲೂ ಅವನು ವಿವರಿಸಿದ್ದಾನೆ. ಪೋಲೋ ಮಾತನ್ನು ಪೂರ್ತಿ ನಂಬಬಾರದು ಅನ್ನುವವರು ಬಹಳ ಜನ. ಹಡಗಿನ ವಿಷಯದಲ್ಲಂತೂ ಅವನು ಕಣ್ಣಾರೆ ನೋಡಿಯೇ ಹೇಳಿದ್ದಾನೆ ಅಂತ ನನಗನ್ನಿಸುತ್ತದೆ.

ಅಡ್ಡಗೋಡೆಯನ್ನು ಕಾಗದದಲ್ಲಿ ಬಿಡಿಸುವುದು ಸುಲಭ. ಕಟ್ಟಲು ಹೊರಟಾಗ ಮೊದಲ ದಿನವೇ ಪ್ರಶ್ನೆ ಎದುರಾಗುತ್ತದೆ: ಮೊದಲು ಹಲಗೆಯೋ, ಮೊದಲು ಗೋಡೆಯೋ? ಫುಜಿಯಾನಿನ ಇಂದಿನ ಬಡಗಿಗಳು ಅಡಿಮರ ಇಟ್ಟು, ಗೋಡೆಗಳನ್ನು ನಿಲ್ಲಿಸಿ, ಆಮೇಲೆ ಹಲಗೆ ಬಗ್ಗಿಸಿ ಹೊಡೆಯುತ್ತಾರೆ. ಹಾಗೆ ಮಾಡಿದರೆ ಹಡಗಿನ ಆಕಾರ ಗೋಡೆಯ ಆಕಾರದಿಂದ ಬರುತ್ತದೆ. ಉಲ್ಟಾ ಮಾಡಿದರೆ ಆಕಾರ ಹಲಗೆಯಿಂದ ಬರುತ್ತದೆ, ಗೋಡೆಯನ್ನು ಅದಕ್ಕೆ ತಕ್ಕಂತೆ ಕೊಯ್ದು ಕೂರಿಸಬೇಕು. ಮುಗಿದ ಹಡಗು ನೋಡಲು ಒಂದೇ ತರಹ ಇರಬಹುದು. ಆದರೆ ಮೊಳೆ ಯಾವ ಕಡೆಯಿಂದ ಹೊಡೆದಿದೆ, ಕಬ್ಬಿಣದ ಪಟ್ಟಿ ಎಲ್ಲಿ ಕೂತಿದೆ ಅನ್ನುವುದು ಬೇರೆಯಾಗುತ್ತದೆ. ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಾಗ ‘ಈ ಸಂದಿಯಲ್ಲಿ ಸುತ್ತಿಗೆ ಬೀಸುವುದಕ್ಕೇ ಜಾಗ ಇಲ್ಲವಲ್ಲ’ ಅಂತ ಹೊಳೆಯುತ್ತದೆ. ಅಲ್ಲಿಗೆ ಒಂದು ಊಹೆ ಸತ್ತ ಹಾಗೆ. ಮಾಡಿ ನೋಡುವುದರ ನಿಜವಾದ ಲಾಭ ಇಂಥ ಕಡೆ ಇದೆ, ಮಹಾಸಾಗರ ದಾಟುವುದರಲ್ಲಿ ಅಷ್ಟಿಲ್ಲ.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರುತ್ತೇನೆ, ಅದು ಲಪ್ಪ. ಕಿಟಕಿ ಗಾಜಿಗೆ, ಮರದ ಬಿರುಕಿಗೆ ನಮ್ಮ ಬಡಗಿಗಳು, ಪೇಂಟರುಗಳು ಮೆತ್ತುತ್ತಾರಲ್ಲ, ಅದೇ. ಹಲಗೆ ಎಷ್ಟೇ ಚೆನ್ನಾಗಿ ಕೂರಿಸಿದರೂ ಸಂದಿ ಇರುತ್ತದೆ. ಸಂದಿ ಮುಚ್ಚದೇ ಇದ್ದರೆ ಹಡಗಲ್ಲ, ಜರಡಿ. ಯುರೋಪಿನವರು ಟಾರು ಬಳಿಯುತ್ತಿದ್ದರು. ಚೀನಾದವರು ಟಂಗ್ ಎಣ್ಣೆ, ಸುಣ್ಣ, ನಾರು ಸೇರಿಸಿ ಕುಟ್ಟಿದ ಹಿಟ್ಟನ್ನು ತುಂಬುತ್ತಿದ್ದರು. ಟಂಗ್ ಅನ್ನುವುದು ಅಲ್ಲಿನ ಒಂದು ಮರ, ಅದರ ಬೀಜ ಹಿಂಡಿದರೆ ಬರುವ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಸುಣ್ಣ ಸಿಂಪಿ ಚಿಪ್ಪನ್ನು ಸುಟ್ಟು ಮಾಡಿದ್ದು, ನಮ್ಮ ಕರಾವಳಿಯಲ್ಲಿ ಚಿಪ್ಪುಸುಣ್ಣ ಮಾಡುತ್ತಿದ್ದ ಹಾಗೆಯೇ. ನಾರು ಸೆಣಬಿನಂಥದ್ದು. ಪೋಲೋ ಇದನ್ನೂ ಹೇಳಿದ್ದಾನೆ: ಇವರ ಹತ್ತಿರ ಟಾರು ಇಲ್ಲ, ಸುಣ್ಣಕ್ಕೆ ಕತ್ತರಿಸಿದ ನಾರು ಮತ್ತು ಮರದ ಎಣ್ಣೆ ಸೇರಿಸಿ ಕುಟ್ಟುತ್ತಾರೆ ಅಂತ. ಇನ್ನೊಂದು ತಮಾಷೆ ಏನೆಂದರೆ ಚೀನಾ ಕರಾವಳಿಯ ಇಂಗ್ಲಿಷರು ಈ ಹಿಟ್ಟನ್ನು ‘ಚುನಾಂ’ ಅನ್ನುತ್ತಿದ್ದರು. ಅವರು ಆ ಪದ ಕಲಿತದ್ದು ನಮ್ಮ ದಕ್ಷಿಣ ಭಾರತದಲ್ಲಿ. ತಮಿಳಿನ ಸುಣ್ಣಾಂಬು, ನಮ್ಮ ಸುಣ್ಣ, ಎಲ್ಲ ಒಂದೇ ಮನೆಯವು.

ಲ್ಯಾಬಿಗೆ ಕಳಿಸಿದರೆ ಇದರಲ್ಲಿ ಟಂಗ್ ಎಣ್ಣೆ ಇದೆ, ಸುಣ್ಣ ಇದೆ, ಇಂಥ ನಾರು ಇದೆ ಅಂತ ರಿಪೋರ್ಟು ಬರುತ್ತದೆ. ಆದರೆ ಹದ? ಎಣ್ಣೆ ಎಷ್ಟು ಕಾಯಿಸಬೇಕು, ಸುಣ್ಣ ಎಷ್ಟು ಹಿಡಿಯುತ್ತದೆ, ಎಷ್ಟು ಹೊತ್ತು ಕುಟ್ಟಬೇಕು? ಎಣ್ಣೆ ಜಾಸ್ತಿಯಾದರೆ ಸಂದಿಯಿಂದ ಇಳಿದುಬಿಡುತ್ತದೆ, ಸುಣ್ಣ ಜಾಸ್ತಿಯಾದರೆ ಒಣಗಿ ಬಿರಿಯುತ್ತದೆ, ಮತ್ತೆ ಮರ ನೀರು ಕುಡಿದು ಉಬ್ಬಿದಾಗ ಅದರ ಜೊತೆ ಹೊಂದಿಕೊಳ್ಳುವಷ್ಟು ಮೆತ್ತಗೂ ಇರಬೇಕು. ಒಂದೆಳೆ ಪಾಕ, ಎರಡೆಳೆ ಪಾಕ ಅಂತ ಹೇಳಿಕೊಡಬಹುದು. ಆದರೆ ಬೆರಳ ನಡುವೆ ಪಾಕ ಹಿಡಿದು ಎಳೆ ನೋಡದವರಿಗೆ ಅದು ಬರೀ ಮಾತು.

ವರ್ಷಗಳ ಹಿಂದೆ ಮಂಗಳೂರಿನ ಬೆಂಗ್ರೆ ಕಡೆ ಮರದ ದೋಣಿಯ ಸಂದಿಗೆ ಹತ್ತಿ ತುಂಬುವುದನ್ನು ನಿಂತು ನೋಡಿದ್ದೆ. ವಯಸ್ಸಾದ ಆಚಾರಿ, ಒಂದು ಮೊಂಡು ಉಳಿ, ಒಂದು ಮರದ ಕೊಡತಿ. ಟಕ್ ಟಕ್ ಟಕ್ ಅಂತ ಹೊಡೆದು, ನಿಲ್ಲಿಸಿ, ಒಂದು ಗೇಣು ಮುಂದೆ ಹೋಗುತ್ತಿದ್ದರು.

‘ಸಾಕು ಅಂತ ಹೇಗೆ ಗೊತ್ತಾಗ್ತದೆ ಆಚಾರ್ರೇ?’ ಅಂತ ಕೇಳಿದೆ.

‘ಶಬ್ದ ಬದಲಾಗ್ತದೆ ಮಾರಾಯ್ರೆ’ ಅಂದರು. ನನಗೆ ಎಷ್ಟು ಕೇಳಿದರೂ ಎಲ್ಲ ಟಕ್ ಒಂದೇ ತರಹ ಕೇಳಿಸಿತು. ಅವರಿಗೆ ನಗು ಬಂತು. ಆ ಶಬ್ದವನ್ನು ಯಾವ ಅಗೆತದಲ್ಲಿ ಹುಡುಕುವುದು ಹೇಳಿ?

ಹಾಯಿಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಚುವಾನ್‌ಜೌ ಹಡಗಿನಲ್ಲಿ ಎರಡು ಕೂವೆಮರಗಳ ಬುಡ ಕೂರಿಸುವ ಗೂಡುಗಳು ಉಳಿದಿವೆ. ಹಿಂದೆ ಚುಕ್ಕಾಣಿ ಕೂರುವ ಜಾಗವೂ ಇದೆ. ಕೂವೆ ಎಷ್ಟು ಎತ್ತರ, ಹಾಯಿ ಎಷ್ಟು ದೊಡ್ಡದು ಅನ್ನುವುದಕ್ಕೆ ಮರದ ಸಾಕ್ಷಿ ಇಲ್ಲ. ಚೀನೀ ಹಾಯಿಯ ಒಟ್ಟು ತತ್ವ ಮಾತ್ರ ಚೆನ್ನಾಗಿ ಗೊತ್ತು, ಯಾಕೆಂದರೆ ಅದು 20ನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಬಿದಿರಿನ ಅಡ್ಡಪಟ್ಟಿಗಳು, ನಡುವೆ ಚಾಪೆ ಅಥವಾ ಬಟ್ಟೆ. ಬಿಸಿಲಿಗೆ ಇಳಿಬಿಡುವ ಬಿದಿರಿನ ಪರದೆ ನೋಡಿದ್ದೀರಲ್ಲ, ಅದನ್ನು ದೊಡ್ಡದು ಮಾಡಿಕೊಳ್ಳಿ. ಒಂದೊಂದು ಪಟ್ಟಿಯ ತುದಿಗೂ ಹಗ್ಗ, ಆ ಹಗ್ಗಗಳೆಲ್ಲ ಕೆಳಗೆ ಒಂದು ಕೈಗೆ ಬರುತ್ತವೆ. ಗಾಳಿ ಜೋರಾದರೆ ಏರುಹಗ್ಗ ಸಡಿಲಿಸಿದರೆ ಸಾಕು, ಹಾಯಿ ತನ್ನ ಭಾರಕ್ಕೆ ತಾನೇ ಮಡಚಿಕೊಂಡು ಇಳಿಯುತ್ತದೆ. ಯುರೋಪಿನ ಹಡಗಿನಲ್ಲಿ ಇದೇ ಕೆಲಸಕ್ಕೆ ಬಿರುಗಾಳಿಯಲ್ಲಿ ನಾವಿಕರು ಮೇಲೆ ಹತ್ತಬೇಕಿತ್ತು. ಗಾಳಿಯ ಭಾರವನ್ನು ಬಿದಿರು ಹೊರುವುದರಿಂದ ಬಟ್ಟೆ ಸಾಧಾರಣದ್ದಾದರೂ ನಡೆಯುತ್ತದೆ. ಹರಿದರೂ ಆ ಒಂದು ಪಟ್ಟಿಯೊಳಗೆ ನಿಲ್ಲುತ್ತದೆ.

ಇದು ಬರೀ ಹೊಗಳಿಕೆ ಅಲ್ಲ, ಪ್ರಯೋಗವೂ ಆಗಿದೆ. 1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ದಾಟುವ ಮೊದಲ ಪಂದ್ಯ ನಡೆದಾಗ ಬ್ಲಾಂಡಿ ಹ್ಯಾಸ್ಲರ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ತನ್ನ ಪುಟ್ಟ ದೋಣಿ ‘ಜೆಸ್ಟರ್’ಗೆ ಈ ಚೀನೀ ಹಾಯಿ ಕಟ್ಟಿದ. 48 ದಿನದಲ್ಲಿ ದಾಟಿ ಎರಡನೇ ಸ್ಥಾನ ಪಡೆದ. ಹಾಯಿ ಏರಿಸುವುದು ಇಳಿಸುವುದು ಎಲ್ಲ ಒಳಗೆ ಕೂತೇ ಮಾಡಬಹುದಿತ್ತು. ಹಡಗು ಚೀನೀ ಅಲ್ಲ, ಮರ ಚೀನೀ ಅಲ್ಲ. ಆದರೆ ಒಂದು ಭಾಗವನ್ನು ಮಾತ್ರ ಬೇರೆ ಮಾಡಿ ಪರೀಕ್ಷಿಸುವುದೂ ಒಳ್ಳೆ ಪ್ರಯೋಗವೇ. ಇಡೀ ಹಡಗು ಕಟ್ಟಿದರೆ ನೂರು ಊಹೆ ಒಟ್ಟಿಗೆ ತೇಲುತ್ತವೆ, ಯಾವುದು ಸರಿ ಯಾವುದು ತಪ್ಪು ಅಂತ ಬಿಡಿಸುವುದು ಕಷ್ಟ.

ಚುಕ್ಕಾಣಿಯ ಬಗ್ಗೆ ಎರಡೇ ಮಾತು. ಚೀನೀ ಚುಕ್ಕಾಣಿಯನ್ನು ಬಾವಿಯಿಂದ ಕೊಡ ಎತ್ತುವ ಹಾಗೆ ಎತ್ತಬಹುದು, ಇಳಿಸಬಹುದು. ಆಳ ಕಡಿಮೆ ಇರುವ ಅಳಿವೆಯಲ್ಲಿ ಎತ್ತಿಕೊಳ್ಳುತ್ತಾರೆ, ಹೊರಗೆ ಬಂದಮೇಲೆ ತಳಕ್ಕಿಂತ ಕೆಳಗೆ ಇಳಿಸುತ್ತಾರೆ. ಆಗ ಅದು ದಿಕ್ಕು ತಿರುಗಿಸುವುದರ ಜೊತೆಗೆ ಹಡಗು ಪಕ್ಕಕ್ಕೆ ಜಾರದ ಹಾಗೂ ತಡೆಯುತ್ತದೆ.

ಇನ್ನು ಮುರಿದು ಹೋದವುಗಳ ಕತೆ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅರ್ಧ ಪಾಠ ಇಲ್ಲೇ ಇದೆ.

1974ರಲ್ಲಿ ಕೂನೋ ಕ್ನೋಬ್ಲ್ ಅನ್ನುವ ಆಸ್ಟ್ರಿಯಾದ ಪತ್ರಕರ್ತ ಹಾಂಗ್‌ಕಾಂಗ್‌ನಲ್ಲಿ ‘ತೈ ಕಿ’ ಅನ್ನುವ ಹಡಗು ಕಟ್ಟಿಸಿದ. ಎರಡು ಸಾವಿರ ವರ್ಷದ ಹಿಂದೆಯೇ ಚೀನಾದವರು ಅಮೆರಿಕ ತಲುಪಿರಬಹುದು ಅಂತ ತೋರಿಸುವುದು ಗುರಿ. ಪೆಸಿಫಿಕ್ ನಡುವೆ ಹಡಗನ್ನು ಹುಳು ತಿಂದಿತು. ಹುಳು ಅನ್ನುತ್ತೇವೆ, ಅದು ನಿಜವಾಗಿ ಒಂದು ಬಗೆಯ ಮಳಿ, ಚಿಪ್ಪಿನ ಜಾತಿ. ಚಿಪ್ಪನ್ನೇ ಬೈರಿಗೆ ಮಾಡಿಕೊಂಡು ಮರ ಕೊರೆಯುತ್ತದೆ. ಹೊರಗಿನಿಂದ ಸೂಜಿಮೊನೆಯಷ್ಟು ತೂತು, ಒಳಗೆ ನೋಡಿದರೆ ಜೇನುಗೂಡು. ಸುಮಾರು ನಾಲ್ಕು ತಿಂಗಳ ನಂತರ ಹಡಗನ್ನು ಅಲ್ಲೇ ಬಿಟ್ಟು ಬರಬೇಕಾಯಿತು.

ಗುರಿ ಕೈಗೂಡಲಿಲ್ಲ. ಆದರೆ ಹಳೇ ಹಡಗಿಗೆ ಯಾಕೆ ಎರಡು ಮೂರು ಪದರ ಹಲಗೆ ಅನ್ನುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಹೊರಗಿನ ಪದರವನ್ನು ಹುಳಕ್ಕೆ ಬಿಟ್ಟುಕೊಡಬಹುದು, ಒಳಗಿನದು ಉಳಿಯುತ್ತದೆ. ಹಳಬರು ಹಡಗನ್ನು ದಡಕ್ಕೆ ಎಳೆದು, ವಾಲಿಸಿ, ತಳಕ್ಕೆ ಹುಲ್ಲಿನ ಬೆಂಕಿ ಹಿಡಿದು, ಸುಣ್ಣ ಎಣ್ಣೆ ಬಳಿಯುತ್ತಿದ್ದರು. ಸಿಹಿನೀರಿನ ಹೊಳೆಗೆ ತಂದು ನಿಲ್ಲಿಸಿದರೂ ಈ ಹುಳು ಸಾಯುತ್ತದೆ. ನಮ್ಮ ಕರಾವಳಿಯಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಬಳಿಯುವುದೂ ಇದೇ ಶತ್ರುವಿಗೆ ಹೆದರಿ. ಅಂದರೆ ಹಡಗನ್ನು ಕಟ್ಟಿದ ಮಾತ್ರಕ್ಕೆ ಪುನರ್‌ರಚನೆ ಆಗಲಿಲ್ಲ, ಅದನ್ನು ನೋಡಿಕೊಳ್ಳುವ ರೂಢಿಯನ್ನೂ ಮತ್ತೆ ಕಟ್ಟಬೇಕು.

1993ರಲ್ಲಿ ಟಿಮ್ ಸೆವೆರಿನ್ ಅನ್ನುವ ಬ್ರಿಟಿಷ್ ಸಾಹಸಿ ಲೇಖಕ ಇನ್ನೊಂದು ದಾರಿ ಹಿಡಿದ. ವಿಯೆಟ್ನಾಮಿನ ಸಾಮ್ ಸೋನ್‌ನಲ್ಲಿ ಬಿದಿರಿನ ತೆಪ್ಪ ಕಟ್ಟಿಸಿದ, ಸುಮಾರು 18 ಮೀಟರ್. ಹೆಸರು ‘ಶು ಫು’. ಅಮೃತದಂಥ ಔಷಧಿ ಹುಡುಕಿಕೊಂಡು ಬಾ ಅಂತ ಚೀನಾದ ಮೊದಲ ಚಕ್ರವರ್ತಿ ಕ್ರಿ.ಪೂ. 3ನೇ ಶತಮಾನದಲ್ಲಿ ಕಳಿಸಿದ್ದನಲ್ಲ, ಅವನ ಹೆಸರು. ತೆಪ್ಪ ಹಾಂಗ್‌ಕಾಂಗ್‌ನಿಂದ ತೈವಾನ್, ಜಪಾನ್ ಮುಟ್ಟಿ, ಅಲ್ಲಿಂದ ಪೆಸಿಫಿಕ್‌ಗೆ ಇಳಿಯಿತು. ಐದು ಸಾವಿರಕ್ಕೂ ಹೆಚ್ಚು ಮೈಲಿ ಹೋಯಿತು. ಕ್ಯಾಲಿಫೋರ್ನಿಯಾಕ್ಕೆ ಇನ್ನು ಸಾವಿರ ಮೈಲಿ ಇದೆ ಅನ್ನುವಾಗ ಬಿದಿರು ಕಟ್ಟಿದ್ದ ಬೆತ್ತ ಕೊಳೆತು ಬಿಚ್ಚಿಕೊಳ್ಳತೊಡಗಿತು, ತಂಡ ತೆಪ್ಪ ಬಿಟ್ಟು ಬಂತು. ಬಿದಿರು ಗಟ್ಟಿಯಿತ್ತು, ಕಟ್ಟು ಸೋತಿತು. ಇದು ಎಷ್ಟು ಚೊಕ್ಕ ಉತ್ತರ ನೋಡಿ! ಸೆವೆರಿನ್ ಇದಕ್ಕೂ ಮುಂಚೆ ಲಕ್ಷದ್ವೀಪದ ಬಡಗಿಗಳನ್ನು ಒಮಾನಿಗೆ ಕರೆದುಕೊಂಡು ಹೋಗಿ, ಮಲಬಾರಿನ ಮರವನ್ನು ತೆಂಗಿನ ನಾರಿನಲ್ಲಿ ಹೊಲಿದು ‘ಸೋಹಾರ್’ ಕಟ್ಟಿಸಿ 1981ರಲ್ಲಿ ಮಸ್ಕತ್‌ನಿಂದ ಚೀನಾದ ಗುವಾಂಗ್‌ಜೌ ತಲುಪಿದ್ದ ಮನುಷ್ಯ.

ಮನಸ್ಸಿಗೆ ತುಂಬಾ ಬೇಜಾರು ಮಾಡುವುದು ‘ಪ್ರಿನ್ಸೆಸ್ ತೈಪಿಂಗ್’ ಕತೆ. ತೈವಾನಿನ ಕ್ಯಾಪ್ಟನ್ ನೆಲ್ಸನ್ ಲಿಯು ನೇತೃತ್ವದಲ್ಲಿ ಫುಜಿಯಾನಿನ ಬಡಗಿಗಳು ಹಳೇ ಪದ್ಧತಿಯಲ್ಲೇ ಕಟ್ಟಿದ, ಮಿಂಗ್ ರಾಜವಂಶದ ಕಾಲದ (14ರಿಂದ 17ನೇ ಶತಮಾನ) ಮಾದರಿಯ ಹಡಗು ಅದು. ಸುಮಾರು 16 ಮೀಟರ್, ಎಂಜಿನ್ ಇಲ್ಲ. ತಮಾಷೆಯ ಕೆಲಸವಲ್ಲ. 2008ರಲ್ಲಿ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತು. ವಾಪಸ್ ಬರುವಾಗ ಬೇರೆ ದಾರಿಯಲ್ಲಿ ಮತ್ತೆ ಅದೇ ಸಾಗರ ದಾಟಿತು. 2009ರ ಏಪ್ರಿಲ್ 26ರಂದು, ತೈವಾನಿನ ಸು-ಆವೋ ಬಂದರು ಹತ್ತಿರವಾಗುತ್ತಿದ್ದಾಗ ಲೈಬೀರಿಯಾ ಧ್ವಜದ ಒಂದು ಟ್ಯಾಂಕರ್ ಬಂದು ಗುದ್ದಿತು. ಹಡಗು ಎರಡು ತುಂಡಾಯಿತು. ಅದರಲ್ಲಿದ್ದ 11 ಜನರೂ ಬದುಕಿ ಬಂದರು, ಅದೊಂದು ಪುಣ್ಯ. ಅಷ್ಟೂ ಬಿರುಗಾಳಿ ತಡೆದ ಹಡಗು ಕೊನೆಗೆ ಸೋತದ್ದು ಮಿಂಗ್ ಕಾಲದಲ್ಲಿ ಇಲ್ಲದೇ ಇದ್ದ ಅಪಾಯಕ್ಕೆ.

ಇಲ್ಲಿ ಒಂದು ಎಚ್ಚರ ಬೇಕು. ‘ಪ್ರಿನ್ಸೆಸ್ ತೈಪಿಂಗ್ ಪೆಸಿಫಿಕ್ ದಾಟಿತು, ಆದ್ದರಿಂದ ಮಿಂಗ್ ಕಾಲದವರು ಅಮೆರಿಕಕ್ಕೆ ಹೋಗಿದ್ದರು’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ದಾಟಬಹುದಿತ್ತು ಅನ್ನುವುದಷ್ಟೇ ಗೊತ್ತಾಯಿತು. ನಮ್ಮ ಹುಡುಗ ಐಎಎಸ್ ಪಾಸು ಮಾಡಬಲ್ಲ ಅನ್ನುವುದಕ್ಕೂ ಮಾಡಿದ್ದಾನೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಯಾವ ಅಪ್ಪನಿಗೆ ಗೊತ್ತಿಲ್ಲ! ಅದೂ ಅಲ್ಲದೆ ಈಗಿನ ತಂಡಕ್ಕೆ ತಾವು ಎಲ್ಲಿದ್ದೇವೆ ಅಂತ ಗೊತ್ತಿರುತ್ತದೆ, ಮುಂದೆ ದಡ ಇದೆ ಅಂತಲೂ ಗೊತ್ತಿರುತ್ತದೆ.

ಕಟ್ಟದೇ ಉಳಿದ ಪ್ರಶ್ನೆಗಳಲ್ಲಿ ದೊಡ್ಡದು ಮಿಂಗ್ ಕಾಲದ ನೌಕಾಧಿಪತಿ ಝೆಂಗ್ ಹೆಯ ಹಡಗುಗಳದ್ದು. 1405ರಿಂದ 1433ರವರೆಗೆ ಏಳು ಸಲ ಹಿಂದೂ ಮಹಾಸಾಗರಕ್ಕೆ ಬಂದವನು, ಕಲ್ಲಿಕೋಟೆಗೆ ಬಂದವನು. ಅವನ ದೊಡ್ಡ ಹಡಗು 44 ಝಾಂಗ್ 4 ಚಿ ಉದ್ದ ಅಂತ ಚೀನೀ ಇತಿಹಾಸದಲ್ಲಿ ಬರೆದಿದೆ. ನಮ್ಮ ಲೆಕ್ಕದಲ್ಲಿ 130 ಮೀಟರಿಗೂ ಜಾಸ್ತಿ. ಫುಟ್‌ಬಾಲ್ ಮೈದಾನಕ್ಕಿಂತ ಉದ್ದ, ಪೂರ್ತಿ ಮರದ್ದು! 1957ರಲ್ಲಿ ನಾನ್‌ಜಿಂಗ್‌ನಲ್ಲಿ 11.07 ಮೀಟರ್ ಉದ್ದದ ಚುಕ್ಕಾಣಿ ಕಂಬ ಸಿಕ್ಕಾಗ ‘ನೋಡಿ, ಸಾಕ್ಷಿ’ ಅಂದರು. ಆದರೆ ಚುಕ್ಕಾಣಿ ಕಂಬದ ಉದ್ದಕ್ಕೂ ಹಡಗಿನ ಉದ್ದಕ್ಕೂ ಖಚಿತ ಲೆಕ್ಕ ಇಲ್ಲ. ಕಂಬ ಒಂದೇ, ಅದರಿಂದ ಕಟ್ಟಿದ ಲೆಕ್ಕ ಹಲವು. ಮರದ ಹಡಗು ಉದ್ದವಾದಷ್ಟೂ ಅಲೆಯ ಮೇಲೆ ಬಾಗುತ್ತದೆ, ಬಾಗಿದಾಗ ಸಂದಿ ಬಿಚ್ಚುತ್ತದೆ. ಅಮೆರಿಕದಲ್ಲಿ 1909ರಲ್ಲಿ ಕಟ್ಟಿದ ‘ವಯೋಮಿಂಗ್’ ಹಾಯಿಹಡಗು ಮೈ ಮಾತ್ರ ನೂರು ಮೀಟರ್ ಆಸುಪಾಸು. ಒಳಗೆ ಉಕ್ಕಿನ ಪಟ್ಟಿ ಬಿಗಿದಿದ್ದರೂ ಮೈ ತಿರುಚಿಕೊಳ್ಳುತ್ತಿತ್ತು, ಪಂಪು ಓಡುತ್ತಲೇ ಇರಬೇಕಿತ್ತು. 1924ರಲ್ಲಿ ಬಿರುಗಾಳಿಗೆ ಮುಳುಗಿತು. ಹಾಗಾಗಿ ಝೆಂಗ್ ಹೆಯ ಹಡಗು ಅಷ್ಟು ದೊಡ್ಡದಿರಲಿಕ್ಕಿಲ್ಲ, ಅದರ ಅರ್ಧ ಇದ್ದರೂ ದೊಡ್ಡ ಸಂಗತಿಯೇ ಅನ್ನುವವರ ಕಡೆ ನಾನಿದ್ದೇನೆ.

ಬಡಗಿಗಳ ವಿಷಯಕ್ಕೆ ಮತ್ತೆ ಬರುತ್ತೇನೆ. 2010ರಲ್ಲಿ ಯುನೆಸ್ಕೋ ಚೀನೀ ಹಡಗಿನ ಈ ಅಡ್ಡಗೋಡೆ ವಿದ್ಯೆಯನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಫುಜಿಯಾನಿನ ನಿಂಗ್ಡೆ, ಜಿಂಜಿಯಾಂಗ್ ಕಡೆ ಕೆಲವರಿಗಷ್ಟೇ ಅದು ಕೈಗೆ ಬರುತ್ತದೆ. ಮೀನುಗಾರರು ಉಕ್ಕಿನ ದೋಣಿಗೆ ಹೋದರು, ಒಳ್ಳೆ ಮರ ದುಬಾರಿ. ಹೀಗಿರುವಾಗ ಯಾರಾದರೂ ಹಳೇ ಹಡಗು ಕಟ್ಟಿಸುತ್ತೇನೆ ಅಂತ ಬಂದರೆ ಆ ಬಡಗಿಗೆ ಅದು ಕೆಲಸವೂ ಹೌದು, ಪಕ್ಕದಲ್ಲಿ ನಿಂತ ಹುಡುಗನಿಗೆ ಪಾಠವೂ ಹೌದು.

ಆಧಾರದ ವಿಷಯದಲ್ಲಿ ನಮ್ಮ ಪರಿಸ್ಥಿತಿ ಚುವಾನ್‌ಜೌ ಹಡಗಿಗೆ ಉಲ್ಟಾ ಅನ್ನಬಹುದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ, ಹಳೇ ಮಾದರಿಯ ಹಾಯಿಹಡಗು ‘ಕೌಂಡಿನ್ಯ’ ನೆನಪಿದೆಯಾ? ಅದಕ್ಕೆ ಆಧಾರ ಅಗೆದು ತೆಗೆದ ಹಡಗಲ್ಲ, ಅಜಂತಾ ಗುಹೆಯ 5ನೇ ಶತಮಾನದ ಒಂದು ಚಿತ್ರ. ಚಿತ್ರದಲ್ಲಿ ಹೊರಗಿನ ಆಕಾರ ಕಾಣುತ್ತದೆ, ಒಳಗಿನದು ಒಂದೂ ಕಾಣುವುದಿಲ್ಲ. ಚುವಾನ್‌ಜೌನಲ್ಲಿ ಹೊಟ್ಟೆ ಇದೆ, ಮೇಲಿನದಿಲ್ಲ. ಇಲ್ಲಿ ಮೇಲಿನದಿದೆ, ಹೊಟ್ಟೆ ಇಲ್ಲ! ಕೇರಳದ ಬಾಬು ಶಂಕರನ್ ಮತ್ತು ಅವರ ತಂಡ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದರು. ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದ್ದು ಐಐಟಿ ಮದ್ರಾಸಿನವರು. ಹಾಯಿಯ ಮೇಲೆ ಗಂಡಭೇರುಂಡ ಇದೆ.

ಚೀನೀ ಹಡಗುಗಳನ್ನು ನಮ್ಮ ತೀರದ ಹತ್ತಿರದಲ್ಲೇ ನೋಡಿ ಬರೆದಿಟ್ಟವನು ಇಬ್ನ್ ಬತೂತಾ. 1340ರ ದಶಕದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದಾಗ ಅಲ್ಲಿ 13 ಚೀನೀ ಹಡಗು ನಿಂತಿದ್ದವು. ಹಾಯಿ ಬಿದಿರಿನ ಚಾಪೆಯದ್ದು ಅಂತ ಬರೆದಿದ್ದಾನೆ. ನಾವಿಕರು ಮರದ ತೊಟ್ಟಿಯಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರು ಅಂತಲೂ ಬರೆದಿದ್ದಾನೆ. ಯಾವ ಅಡಿಮರವೂ ಹೇಳದ ಸುದ್ದಿ ಇದು. ಅವನ ಜೊತೆ ಚೀನಾಕ್ಕೆ ಹೊರಟಿದ್ದ, ದಿಲ್ಲಿ ಸುಲ್ತಾನನ ಉಡುಗೊರೆ ಹೊತ್ತ ಹಡಗು ಬಿರುಗಾಳಿಗೆ ಸಿಕ್ಕಿ ದಡದಲ್ಲಿ ಒಡೆಯಿತು. ಅಂದರೆ ಅಡ್ಡಗೋಡೆ ಇದ್ದ ಮಾತ್ರಕ್ಕೆ ಹಡಗು ಮುಳುಗುವುದಿಲ್ಲ ಅಂತೇನೂ ಇಲ್ಲ.

ಅಡ್ಡಗೋಡೆ ಅಂದ ಕೂಡಲೇ ನೆನಪಾಯಿತು, ಒಂದು ವಿಷಯ ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ. ಚುವಾನ್‌ಜೌ ಹಡಗಿನ ಆ ಗೋಡೆಗಳ ತಳದಲ್ಲಿ, ಅಡಿಮರದ ಹತ್ತಿರ, ಸಣ್ಣ ತೂತುಗಳಿವೆ. ನೀರು ಬಿಡದ ಗೋಡೆ ಅನ್ನುತ್ತೇವೆ, ಬುಡದಲ್ಲಿ ತೂತು! ದಿನಾ ಒಸರುವ ನೀರು ಒಂದು ಕಡೆ ಸೇರಲಿ, ಅಲ್ಲಿಂದ ಮೊಗೆದು ಹಾಕೋಣ ಅಂತ ಬಿಟ್ಟ ತೂತು ಅನ್ನುವುದು ಸರಿಯಾದ ವಿವರಣೆ. ಹಡಗು ಒಡೆದಾಗ ಬಟ್ಟೆಯೋ ಬೆಣೆಯೋ ಹೊಡೆದು ಮುಚ್ಚಿರಬೇಕು. ಆದರೆ ಹೊಟ್ಟೆ ತುಂಬಾ ಮೆಣಸು, ಕಟ್ಟಿಗೆ ತುಂಬಿರುವಾಗ, ಕತ್ತಲಲ್ಲಿ, ಹಡಗು ಓಲಾಡುತ್ತಿರುವಾಗ ಆ ತಳದ ತೂತಿಗೆ ಕೈ ಎಟಕುತ್ತದಾ? ಎಷ್ಟು ನಿಮಿಷ ಬೇಕು? ಅಷ್ಟರಲ್ಲಿ ಪಕ್ಕದ ಕೋಣೆಗೆ ಎಷ್ಟು ನೀರು ಬಂದಿರುತ್ತದೆ? ಇದನ್ನು ತಿಳಿಯಲು ಸಾಗರ ದಾಟಬೇಕಾಗಿಲ್ಲ. ಎರಡು ಕೋಣೆ, ನಡುವೆ ಒಂದು ಗೋಡೆ, ಒಂದಷ್ಟು ಮೂಟೆ ಸಾಮಾನು, ಒಬ್ಬ ಸಣಕಲು ನಾವಿಕ, ಒಂದು ಗಡಿಯಾರ ಇದ್ದರೆ ಸಾಕು.